ತಂಗಿಯ ಪಾಲು, ತೌಬಾದ ಕಣ್ಣೀರು

ಶಾಬಾನ್ ತಿಂಗಳ ನಡುಭಾಗ ಬಂತೆಂದರೆ ನಮ್ಮ ಮೊಬೈಲುಗಳಲ್ಲಿ ಕ್ಷಮೆಯ ಮಳೆ ಶುರುವಾಗುತ್ತದೆ. ತಿಳಿದೋ ತಿಳಿಯದೆಯೋ ನಿಮಗೆ ನೋವಾಗಿದ್ದರೆ ಅಲ್ಲಾಹನಿಗಾಗಿ ಮಾಫ್ ಮಾಡಿ ಎಂಬ ಒಂದೇ ಒಕ್ಕಣೆ, ಕೆಳಗೊಂದು ಗುಲಾಬಿ, ಪಕ್ಕದಲ್ಲಿ ಜೋಡಿಸಿದ ಎರಡು ಕೈ. ಕಳಿಸಿದವನು ಅದನ್ನು ಬರೆದದ್ದಲ್ಲ, ಯಾರೋ ಕಳಿಸಿದ್ದನ್ನು ಮುಂದಕ್ಕೆ ದಾಟಿಸಿದ್ದು. ಪಡೆದವನು ಅದನ್ನು ಓದುವುದೂ ಇಲ್ಲ, 'ಮಾಫ್, ನೀವೂ ಮಾಡಿ' ಎಂದು ಬೆರಳಾಡಿಸಿ ಮುಂದಿನದಕ್ಕೆ ಹೋಗುತ್ತಾನೆ. ಮುನ್ನೂರು ಜನರಿಗೆ ಹೋದ ಆ ಸಂದೇಶ ಒಬ್ಬರಿಗೆ ಮಾತ್ರ ಹೋಗಿರುವುದಿಲ್ಲ. ನಿಜವಾಗಿ ಯಾರಿಗೆ ಅನ್ಯಾಯವಾಗಿದೆಯೋ ಅವರಿಗೆ.

ಆ ರಾತ್ರಿಗೆ ವಿಶೇಷವಿದೆಯೋ ಇಲ್ಲವೋ ಎಂಬ ಜಗಳ ನಮ್ಮಲ್ಲಿ ಹಳೆಯದು. ಅದಕ್ಕೆ ನಾವು ಇಲ್ಲಿ ಕೈಹಾಕುವುದಿಲ್ಲ. ಶಬೆ ಬರಾತ್ ಒಪ್ಪದವರೂ ರಮಝಾನಿನ ಕೊನೆಯ ಹತ್ತರಲ್ಲಿ ಇದನ್ನೇ ಮಾಡುತ್ತಾರೆ. ಮಸೀದಿಯ ದೀಪ ಆರಿಸುತ್ತಾರೆ, ಮೈಕಿನಲ್ಲಿ ಮೌಲಾನಾರ ಸ್ವರ ಗದ್ಗದವಾಗುತ್ತದೆ, ಅಳು ಬಾರದವರು ಅಳುವ ಮುಖವನ್ನಾದರೂ ಮಾಡಿರಿ ಎನ್ನುತ್ತಾರೆ. ಜನ ಅಳುತ್ತಾರೆ. ನಿಜವಾಗಿಯೂ ಅಳುತ್ತಾರೆ. ನಾವು ಆ ಅಳುವನ್ನು ಗೇಲಿ ಮಾಡುವವರಲ್ಲ. ವರ್ಷವಿಡೀ ಗಡಸಾಗಿ ಬದುಕಿದ ಗಂಡಸೊಬ್ಬ ಕತ್ತಲಲ್ಲಿ ಕೈಯೆತ್ತಿ ಬಿಕ್ಕುವುದು ಸಣ್ಣ ಸಂಗತಿಯಲ್ಲ. ಅಲ್ಲಾಹನ ಕಡೆಗೆ ಹಿಂದಿರುಗುವ ದಾರಿ ಕಣ್ಣೀರಿನಿಂದಲೇ ಶುರುವಾಗುತ್ತದೆ ಎಂಬುದನ್ನು ನಾವೂ ನಂಬುತ್ತೇವೆ. ನಮ್ಮ ತಕರಾರು ಬೇರೆ. ಶುರುವಾದ ದಾರಿ ಮಸೀದಿಯ ಹೊಸ್ತಿಲಲ್ಲೇ ಮುಗಿದುಹೋಗುತ್ತದಲ್ಲ, ಏಕೆ? ಬೆಳಗಿನ ಫಜ್ರ್ ಮುಗಿಸಿ ಚಪ್ಪಲಿ ಮೆಟ್ಟಿಕೊಂಡ ಮನುಷ್ಯ ನೇರ ತನ್ನ ಮನೆಗೆ ಹೋಗಿ ಮಲಗುತ್ತಾನಲ್ಲ, ಹೋಗಬೇಕಾದ ಇನ್ನೊಂದು ಮನೆ ಅವನಿಗೆ ನೆನಪಾಗುವುದಿಲ್ಲವೇಕೆ?

ತೌಬಾ ಎಂದರೆ ತಿರುಗಿ ಬರುವುದು. ಈ ಪದದ ಜೊತೆ ಕುರ್‌ಆನ್ ಮತ್ತೆ ಮತ್ತೆ ಇನ್ನೊಂದು ಪದವನ್ನು ಜೋಡಿಸುತ್ತದೆ. ಪಶ್ಚಾತ್ತಾಪಪಟ್ಟವರು ಎಂದಷ್ಟೇ ಹೇಳಿ ಬಿಡುವುದಿಲ್ಲ, ಪಶ್ಚಾತ್ತಾಪಪಟ್ಟು ಸರಿಪಡಿಸಿದವರು ಎನ್ನುತ್ತದೆ. ಅಲ್ ಬಕರಾದ 160ನೇ ವಚನ, ಆಲು ಇಮ್ರಾನಿನ 89, ಅನ್ನಹ್ಲ್‌ನ 119, ಅನ್ನೂರ್‌ನ 5, ಎಲ್ಲ ಕಡೆ ಈ ಜೋಡಿಯನ್ನು ನೋಡಬಹುದು. ಅಲ್ ಮಾಇದಾದಲ್ಲಿ ಕಳ್ಳನ ಮಾತು ಬಂದಾಗಲೂ ಹಾಗೆಯೇ. ಕೆಡಿಸಿದ್ದನ್ನು ರಿಪೇರಿ ಮಾಡದೆ ಬರೀ ತಿರುಗಿ ನಿಂತರೆ ಅದು ಅರ್ಧ ತಿರುವು.

ಇಮಾಮ್ ನವವೀಯವರ 'ರಿಯಾದುಸ್ಸಾಲಿಹೀನ್' ನಮ್ಮ ಮದರಸಗಳಲ್ಲಿ, ಮನೆಗಳಲ್ಲಿ ಎಲ್ಲ ಕಡೆ ಇದೆ. ಹದಿಮೂರನೇ ಶತಮಾನದ ಆ ವಿದ್ವಾಂಸರು ತೌಬಾದ ಅಧ್ಯಾಯದ ಆರಂಭದಲ್ಲೇ ಲೆಕ್ಕ ಒಪ್ಪಿಸಿಬಿಟ್ಟಿದ್ದಾರೆ. ಪಾಪ ಅಲ್ಲಾಹ ಮತ್ತು ದಾಸನ ನಡುವಿನದಾದರೆ ಮೂರು ಶರತ್ತು: ಆ ಪಾಪ ಬಿಡಬೇಕು, ಮನಸಾರೆ ನೊಂದುಕೊಳ್ಳಬೇಕು, ಮತ್ತೆ ಅತ್ತ ಹೋಗುವುದಿಲ್ಲವೆಂದು ಗಟ್ಟಿ ಮಾಡಿಕೊಳ್ಳಬೇಕು. ಪಾಪ ಇನ್ನೊಬ್ಬ ಮನುಷ್ಯನಿಗೆ ಸಂಬಂಧಿಸಿದ್ದಾದರೆ ನಾಲ್ಕನೆಯದೂ ಸೇರುತ್ತದೆ. ಅವನ ಹಕ್ಕಿನಿಂದ ಬಿಡುಗಡೆ ಪಡೆಯಬೇಕು. ಸೊತ್ತಾಗಿದ್ದರೆ ಹಿಂದಿರುಗಿಸಬೇಕು. ನಮ್ಮ ಪ್ರವಚನಗಳಲ್ಲಿ ಮೂರು ಶರತ್ತುಗಳ ಮೇಲೆ ಗಂಟೆಗಟ್ಟಲೆ ಮಾತಾಗುತ್ತದೆ. ನಾಲ್ಕನೆಯದರ ಹೊತ್ತಿಗೆ ಸಮಯ ಮುಗಿದಿರುತ್ತದೆ, ಅಥವಾ ಎದುರಿನ ಸಾಲಿನಲ್ಲಿ ಕೂತ ದಾನಿಯ ಮುಖ ಕಾಣುತ್ತದೆ.

ನಾವು ಕಥೆ ಬರೆಯುವವರು. ಮಸ್ಅಲೆಯನ್ನು ಮಸ್ಅಲೆಯಾಗಿ ಹೇಳಿದರೆ ನಮಗೇ ಸಮಾಧಾನವಿಲ್ಲ. ಒಂದು ಕಥೆ ಕಟ್ಟಿ ನೋಡೋಣ. ಕಲ್ಪನೆಯದೇ, ಆದರೆ ಓದುವವರಲ್ಲಿ ಹಲವರು ಇದು ನಮ್ಮ ಮನೆಯದು ಎಂದುಕೊಂಡರೆ ತಪ್ಪು ನಮ್ಮದಲ್ಲ.

ಕಾರವಾರ ದಾಟಿ ಗೋವಾ ಕಡೆ ಹೊರಟರೆ ಕಾಳಿ ನದಿ ಸಮುದ್ರ ಸೇರುವ ಅಳಿವೆ ಸಿಗುತ್ತದೆ. ಈಚೆ ಕೋಡಿಬಾಗ, ಆಚೆ ಸದಾಶಿವಗಡದ ಗುಡ್ಡ. ಅಲ್ಲಿಂದ ಎಡಕ್ಕೆ ಇಳಿದರೆ ಗಾಳಿಮರಗಳ ನೆರಳಿನ ಮರಳ ದಂಡೆ, ದೇವಬಾಗ. ಬಾಗ ಎಂದರೆ ತೋಟ. ದೇವರ ಮುಂದೆ ಪಾರ್ಸಿಯ ತೋಟವನ್ನು ಕೂಡಿಸಿ ಊರಿಗೆ ಹೆಸರಿಟ್ಟವರು ಯಾವ ಜಾತಿಯವರೋ, ಜಗಳವಾಡದ ಕಾಲದವರಿರಬೇಕು. ಹಿಂದೆ ಇದು ಮೀನುಗಾರರಿಗೆ, ತೆಂಗಿನ ಒಡೆಯರಿಗೆ ಮಾತ್ರ ಬೇಕಾದ ಜಾಗ. ಈಗ ರೆಸಾರ್ಟು, ಹೋಂಸ್ಟೇ, ದೋಣಿ ವಿಹಾರ. ಬಲೆ ಒಣಗಿಸುತ್ತಿದ್ದ ಮರಳಿಗೆ ಗುಂಟೆಯ ಲೆಕ್ಕದಲ್ಲಿ ಬೆಲೆ ಬಂದಿದೆ.

ಸದಾಶಿವಗಡದಲ್ಲಿ ಮನೆ, ದೇವಬಾಗದಲ್ಲಿ ಮೂವತ್ತು ಗುಂಟೆ ತೆಂಗಿನ ಬಾಗ ಇದ್ದ ಒಬ್ಬ ತಂದೆ ತೀರಿಕೊಂಡರು ಎನ್ನಿ. ತಾಯಿ ಮೊದಲೇ ಹೋಗಿದ್ದಾರೆ. ಉಳಿದವರು ಒಬ್ಬ ಮಗ, ಅಂಕೋಲೆಗೆ ಮದುವೆಯಾಗಿ ಹೋದ ಒಬ್ಬಳು ಮಗಳು. ಶರೀಅತ್ತಿನ ಲೆಕ್ಕಕ್ಕೆ ಕಾಗದ ಪೆನ್ಸಿಲು ಬೇಡ. ಮೂರು ಭಾಗ, ಎರಡು ಅವನದು, ಒಂದು ಅವಳದು. ಇಪ್ಪತ್ತು ಗುಂಟೆ, ಹತ್ತು ಗುಂಟೆ. ಮಗ ಏನು ಮಾಡುತ್ತಾನೆ? ವಾರಸುದಾರಿಕೆಗೆ ವಂಶವೃಕ್ಷ ಬೇಕು. ಆ ವೃಕ್ಷದಲ್ಲಿ ಒಂದು ಕೊಂಬೆಯನ್ನು ಬರೆಯುವುದಿಲ್ಲ. ಮನಸ್ಸಿಗೆ ಅಷ್ಟು ಧೈರ್ಯ ಬಾರದಿದ್ದರೆ ಅಂಕೋಲೆಗೆ ಹೋಗಿ ತಂಗಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆತರುತ್ತಾನೆ. 'ಒಂದು ಸಹಿ ಅಷ್ಟೇ' ಎನ್ನುತ್ತಾನೆ. ಅವಳು ಕೇಳುತ್ತಾಳೆ, 'ಏನು ಕಾಗದ ಭಾಯಿ?' 'ಅಬ್ಬಾನ ಬಾಗದ್ದು. ನಿನಗೆ ಹೇಗೂ ಅಲ್ಲಿ ಕೆಲಸವಿಲ್ಲವಲ್ಲ.' 'ಅಡ್ಡಿಲ್ಲ ಭಾಯಿ. ನಿಮ್ಮದು ನನ್ನದು ಅಂತ ಬೇರೆ ಇದೆಯಾ?' ಎಂದು ಅವಳು ಹಕ್ಕು ಬಿಡುಗಡೆಯ ಪತ್ರಕ್ಕೆ ಸಹಿ ಹಾಕುತ್ತಾಳೆ. ದಾರಿಯಲ್ಲಿ ಅವಳಿಗೊಂದು ಸೀರೆ, ಮಕ್ಕಳಿಗೆ ಮಿಠಾಯಿ ಪೊಟ್ಟಣ.

ಎರಡು ವರ್ಷದ ಮೇಲೆ ಮೂವತ್ತು ಗುಂಟೆಯೂ ಹೊರಗಿನವರಿಗೆ ಮಾರಿಹೋಗುತ್ತದೆ. ಬಂದ ಹಣದಲ್ಲಿ ಮನೆಗೆ ಮಹಡಿ, ಗಂಡ ಹೆಂಡತಿಗೆ ಹಜ್ಜ್. ಅರಫಾತಿನ ಬಯಲಿನಲ್ಲಿ ನಿಂತು ಅವನು ಅಳುತ್ತಾನೆ. ಸುಳ್ಳು ಅಳುವಲ್ಲ. ಊರಿಗೆ ಬಂದಾಗ ತಂಗಿ ಜಮ್‌ಜಮ್ ನೀರಿಗೆ, ಖರ್ಜೂರಕ್ಕೆ ಬರುತ್ತಾಳೆ. ಅವಳ ಗಂಡನ ಬೋಟು ಆ ವರ್ಷ ದಡದಲ್ಲೇ ಇದೆ, ಮಗಳ ಕಾಲೇಜಿನ ಫೀಜು ಬಾಕಿ ಇದೆ. ಅವಳು ಅದನ್ನು ಹೇಳುವುದಿಲ್ಲ. ಹೇಳಿದರೆ ತವರಿನ ಬಾಗಿಲು ಕಿರಿದಾಗುತ್ತದೆಂದು ಅವಳಿಗೆ ಗೊತ್ತು.

ಇಲ್ಲಿ ನಮ್ಮ ಪ್ರಶ್ನೆ. ಆ ಮನುಷ್ಯನ ತೌಬಾ ಎಲ್ಲಿ ನಿಂತಿದೆ?

'ಅವಳೇ ಮಾಫ್ ಮಾಡಿದ್ದಾಳಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಮಾಫ್ ಎಂಬ ಪದವನ್ನು ನಮ್ಮ ಗಂಡಸರು ಬಳಸಿ ಬಳಸಿ ಸವೆಸಿಬಿಟ್ಟಿದ್ದಾರೆ. ಮದುವೆಯ ದಿನ ದಫ್ತರಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿದ ಮಹರ್ ಗಂಡನ ಮರಣಶಯ್ಯೆಯಲ್ಲಿ ಮಾಫ್. ಶವ ಎತ್ತುವ ಮೊದಲು ಹಿರಿಯ ಹೆಂಗಸರು ವಿಧವೆಯ ಕಿವಿಯಲ್ಲಿ 'ಮಾಫ್ ಮಾಡಿದೆ ಅನ್ನು' ಎಂದು ಒತ್ತಾಯಿಸುವುದನ್ನು ನಾವು ಕಂಡಿದ್ದೇವೆ. ಕೈಗೆ ಬಂದೇ ಇಲ್ಲದ ವಸ್ತುವನ್ನು ಬಿಟ್ಟುಕೊಡುವುದು ದಾನವಾಗುವುದು ಹೇಗೆ? ನಾಚಿಕೆಯಿಂದ, ಹೆದರಿಕೆಯಿಂದ, ತವರು ತಪ್ಪೀತೆಂಬ ಆತಂಕದಿಂದ ಬಂದ ಮಾತು ಒಪ್ಪಿಗೆಯಾಗುವುದು ಹೇಗೆ? ಹತ್ತು ಗುಂಟೆಯ ಹಣವನ್ನು ತಂಗಿಯ ಕೈಯಲ್ಲಿಡಿ. ಅವಳ ಹೆಸರಿನ ಖಾತೆಗೆ ಹಾಕಿ. ವರ್ಷ ಕಳೆಯಲಿ. ಆಮೇಲೆ ಅವಳಾಗಿಯೇ ಅದರಲ್ಲಿ ಏನಾದರೂ ಹಿಂದೆ ಕೊಟ್ಟರೆ ಅದು ಅವಳ ಉಡುಗೊರೆ, ತಲೆಬಾಗಿ ತೆಗೆದುಕೊಳ್ಳಿ. ಕೊಟ್ಟು ನೋಡಿದವರು ನಮ್ಮಲ್ಲಿ ಎಷ್ಟು ಜನರಿದ್ದಾರೆ?

ಅನ್ನಿಸಾ ಅಧ್ಯಾಯದ 7ನೇ ವಚನ ಸೊತ್ತು ಸ್ವಲ್ಪವಿರಲಿ ಹೆಚ್ಚಿರಲಿ ಗಂಡಿಗೂ ಹೆಣ್ಣಿಗೂ ಅದರಲ್ಲಿ ನಿಶ್ಚಿತ ಪಾಲಿದೆ ಎನ್ನುತ್ತದೆ. 11, 12ರಲ್ಲಿ ಪಾಲುಗಳ ವಿವರ. ಅದರ ಬೆನ್ನಿಗೇ 13, 14ರಲ್ಲಿ ಇವು ಅಲ್ಲಾಹನು ಹಾಕಿದ ಗೆರೆಗಳೆಂದೂ ದಾಟಿದವರಿಗೆ ನರಕವೆಂದೂ ಎಚ್ಚರಿಕೆ. ನಮಾಝಿನ ರಕಅತ್ತುಗಳ ಸಂಖ್ಯೆಯನ್ನು ಕುರ್‌ಆನ್ ಹೀಗೆ ಎಣಿಸಿ ಕೊಟ್ಟಿಲ್ಲ, ತಂಗಿಯ ಪಾಲನ್ನು ಎಣಿಸಿ ಕೊಟ್ಟಿದೆ. ಮೂರು ರಕಅತ್ತಿನ ಮಗ್ರಿಬನ್ನು ಎರಡು ಮಾಡಿದರೆ ಮಸೀದಿಯಲ್ಲಿ ಗಲಾಟೆಯೇ ಆದೀತು. ಮೂರರಲ್ಲಿ ಒಂದು ಪಾಲನ್ನು ಸೊನ್ನೆ ಮಾಡಿದವನಿಗೆ ಮುಂದಿನ ಸಾಲಿನಲ್ಲಿ ಜಾಗ!

ಹೆಣ್ಣಿಗೆ ಅರ್ಧ ಪಾಲು ಏಕೆ ಎಂದು ಹೊರಗಿನವರು ಕೇಳುತ್ತಾರೆ. ಅದಕ್ಕೆ ಉತ್ತರ ಕೊಡಲು ನಮ್ಮ ಭಾಷಣಕಾರರು ತೋಳೇರಿಸಿ ನಿಲ್ಲುತ್ತಾರೆ. ಗಂಡಿನ ಮೇಲೆ ಸಂಸಾರದ ಖರ್ಚಿದೆ, ಮಹರ್ ಇದೆ, ಹೆಣ್ಣಿಗೆ ಅವೊಂದೂ ಇಲ್ಲ, ಇತ್ಯಾದಿ. ವಾದವೇನೋ ಆಯಿತು. ಆ ಅರ್ಧವನ್ನು ಯಾರು ಕೊಟ್ಟಿದ್ದಾರೆ ಸ್ವಾಮಿ? ಶರೀಅತ್ ಉಳಿಸಿ ಎಂಬ ಫಲಕ ಹಿಡಿದು ಮೆರವಣಿಗೆಯಲ್ಲಿ ನಡೆದವರ ಮನೆಗಳಲ್ಲಿ ಪಹಣಿ ಪತ್ರಿಕೆ ತೆಗೆಸಿ ನೋಡಿದರೆ ಶರೀಅತ್ ಎಷ್ಟು ಉಳಿದಿದೆಯೆಂದು ತಿಳಿದೀತು. 1937ರ ಶರೀಅತ್ ಕಾಯ್ದೆ ಬಂದದ್ದೇ ಹೆಣ್ಣಿಗೆ ಪಾಲಿಲ್ಲ ಎನ್ನುವ ಊರ ರೂಢಿಗಳನ್ನು ಬದಿಗಿಟ್ಟು ಧರ್ಮದ ಪಾಲನ್ನು ಕೊಡಿಸಲು. ಮುಸ್ಲಿಂ ಹೆಂಗಸರ ಸಂಘಟನೆಗಳು ಅದನ್ನು ಬೆಂಬಲಿಸಿದ್ದವೆಂದು ಆ ಕಾಯ್ದೆಯ ಉದ್ದೇಶ ವಿವರಣೆಯಲ್ಲೇ ಇದೆ. ಆಗಲೂ ಕೃಷಿ ಭೂಮಿಯನ್ನು ಅದರಿಂದ ಹೊರಗಿಡಲಾಯಿತು. ತೋಟ ಗದ್ದೆ ಇರುವವರ ಕೈ ಎಲ್ಲ ಕಾಲದಲ್ಲೂ ಉದ್ದ. ಆದರೆ ಸರ್ಕಾರದ ಕಾಯ್ದೆ ಬಿಟ್ಟ ಗದ್ದೆಯನ್ನು ಕುರ್‌ಆನ್ ಬಿಟ್ಟಿಲ್ಲ.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಸಂಕಲನ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹಿಗ್ಗಿದೆವು. ಅದರಲ್ಲಿರುವ 'ಬೆಂಕಿ ಮಳೆ'ಯ ಮುತವಲ್ಲಿಯನ್ನು ಎಷ್ಟು ಜನ ಗುರುತಿಸಿದರೋ ಕಾಣೆವು. ತಂಗಿ ಬಂದು ಪಾಲು ಕೇಳಿದಾಗ ಆ ಮನುಷ್ಯನಿಗೆ ಇದ್ದಕ್ಕಿದ್ದಂತೆ ಸಮುದಾಯದ ದೊಡ್ಡದೊಂದು ಕೆಲಸ ಸಿಗುತ್ತದೆ, ಅದರ ಹಿಂದೆ ಓಡುತ್ತಾನೆ. ನಮ್ಮ ಸಾರ್ವಜನಿಕ ಧಾರ್ಮಿಕತೆಯ ಎಷ್ಟೋ ಉತ್ಸಾಹ ಇಂಥ ಓಟವೇ. ಮನೆಯೊಳಗೆ ಒಬ್ಬಳು ಕಾದು ಕೂತಿರುತ್ತಾಳೆ.

ದುಆದ ಮಾತಿಗೆ ಬರೋಣ. ಪ್ರಾರ್ಥಿಸುವವನಿಗೆ ತಾನು ಹತ್ತಿರವಿದ್ದೇನೆ, ಕರೆದರೆ ಓಗೊಡುತ್ತೇನೆ ಎಂಬುದು ಅಲ್ಲಾಹನ ವಾಗ್ದಾನ. ಹಾಗಿದ್ದೂ ನಮ್ಮ ಪ್ರಾರ್ಥನೆಗಳು ಎಲ್ಲಿ ಹೋಗುತ್ತವೆ ಎಂದು ಕೇಳುವವರಿಗೆ ಪ್ರವಾದಿ(ಸ) ಒಬ್ಬ ಪ್ರಯಾಣಿಕನ ಚಿತ್ರ ಕೊಟ್ಟಿದ್ದಾರೆ. ಮುಸ್ಲಿಮ್ ಹದೀಸ್ ಸಂಗ್ರಹದಲ್ಲಿದೆ. ದೂರದ ದಾರಿ ನಡೆದವನು, ಕೆದರಿದ ತಲೆ, ಧೂಳು ಮೆತ್ತಿದ ಮೈ. ಆಕಾಶಕ್ಕೆ ಎರಡೂ ಕೈಯೆತ್ತಿ ಪ್ರಭುವೇ ಪ್ರಭುವೇ ಎಂದು ಮೊರೆಯಿಡುತ್ತಿದ್ದಾನೆ. ಭಕ್ತಿಯಲ್ಲಿ ಕೊರತೆಯಿಲ್ಲ, ದೈನ್ಯದಲ್ಲಿ ಕೊರತೆಯಿಲ್ಲ. ಆದರೆ ಉಂಡದ್ದು ಹರಾಮ್, ಕುಡಿದದ್ದು ಹರಾಮ್, ಉಟ್ಟದ್ದು ಹರಾಮ್. ಅವನ ಮೊರೆಗೆ ಉತ್ತರ ಸಿಗುವುದಾದರೂ ಹೇಗೆ ಎಂಬುದು ಪ್ರವಾದಿಯವರ ಪ್ರಶ್ನೆ. ನಮ್ಮ ಹಾಜಿ ಸಾಹೇಬರ ಇಹ್ರಾಮಿನ ಬಿಳಿ ಬಟ್ಟೆ ಯಾರ ತೆಂಗಿನ ತೋಟದ್ದು ಎಂಬುದನ್ನು ಈ ಹದೀಸಿನ ಪಕ್ಕದಲ್ಲಿಟ್ಟು ನೋಡಿ.

ಇದಕ್ಕೆ ಎದುರಾಗಿ ಇನ್ನೊಂದು ಪ್ರಾರ್ಥನೆಯಿದೆ, ಅದೂ ಹದೀಸಿನಲ್ಲೇ. ಮಳೆಗೆ ಗುಹೆ ಹೊಕ್ಕ ಮೂವರ ಮೇಲೆ ಬಂಡೆ ಉರುಳಿ ಬಾಗಿಲು ಮುಚ್ಚಿಹೋಯಿತು. ಮೂವರೂ ತಂತಮ್ಮ ಒಂದು ಒಳ್ಳೆಯ ಕೆಲಸವನ್ನು ನೆನೆದು ದುಆ ಮಾಡಿದರು. ಅವರಲ್ಲಿ ಒಬ್ಬನದು ಕೂಲಿಯ ಕಥೆ. ಆಳೊಬ್ಬ ಕೂಲಿ ತೆಗೆದುಕೊಳ್ಳದೆ ಹೊರಟುಹೋಗಿದ್ದ. ಇವನು ಆ ಕೂಲಿಯನ್ನು ಬೇಸಾಯಕ್ಕೆ ಹಾಕಿ ಬೆಳೆಸಿದ, ದನಗಳ ಮಂದೆಯಾಯಿತು. ಎಷ್ಟೋ ಕಾಲದ ಮೇಲೆ ಆಳು ಬಂದು ತನ್ನ ಕೂಲಿ ಕೇಳಿದಾಗ ಮಂದೆಯನ್ನೇ ತೋರಿಸಿ ಇದೆಲ್ಲ ನಿನ್ನದು, ಹೊಡೆದುಕೊಂಡು ಹೋಗು ಎಂದ. ಗೇಲಿ ಮಾಡಬೇಡಿ ಎಂದನಂತೆ ಆಳು! ಬಡವನಿಗೆ ನ್ಯಾಯ ಸಿಕ್ಕರೂ ಅದು ತಮಾಷೆಯೆಂದೇ ಅನ್ನಿಸುತ್ತದೆ. ಈ ಮೂವರ ಪ್ರಾರ್ಥನೆಗೆ ಬಂಡೆ ಸರಿಯಿತು. ಏಕಾಗ್ರ ದುಆ ಎಂದರೆ ಸ್ವರವನ್ನು ನಡುಗಿಸುವುದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ನಮಗೆ ಬೇಕಿಲ್ಲ.

ಬಂಡೆ, ಗುಡ್ಡ ಎಂದಾಗ ಅಂಕೋಲೆಯವರ ಎದೆ ಝಲ್ಲೆನ್ನುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿ ನದಿಗೆ ಜಾರಿತು. ರಸ್ತೆ ಬದಿಯ ಚಹಾದಂಗಡಿಯ ಕುಟುಂಬ, ಅಲ್ಲಿ ಲಾರಿ ನಿಲ್ಲಿಸಿದವರು, ಹೀಗೆ ಬೆವರಿನ ಅನ್ನ ಉಣ್ಣುವ ಜನ ಸತ್ತರು. ಕೇರಳದ ಚಾಲಕನೊಬ್ಬನ ದೇಹ ಲಾರಿಯೊಳಗೆ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಅದೇ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿಯಿತು, ನದಿಗೆ ಬಿದ್ದ ಲಾರಿಯ ಚಾಲಕನನ್ನು ಬದುಕಿಸಿ ದಡಕ್ಕೆ ತಂದರು. ಇಂಥ ಪ್ರತಿ ದುರಂತದ ಮರುದಿನ ಎಲ್ಲ ಧರ್ಮಗಳ ಕೆಲವರು ಇದು ಪಾಪದ ಫಲ, ತೌಬಾ ಮಾಡಿರಿ, ಪ್ರಾಯಶ್ಚಿತ್ತ ಮಾಡಿಕೊಳ್ಳಿರಿ ಎಂದು ಹೊರಡುತ್ತಾರೆ. ಯಾರ ಪಾಪ? ಗುಡ್ಡ ಕಡಿದವರು ಚಹಾ ಕಾಯಿಸುತ್ತಿದ್ದವರಲ್ಲ. ಸತ್ತವರ ಮೇಲೆ ಪಾಪ ಹೊರಿಸಿ ಬದುಕಿರುವವರಿಗೆ ಉಪದೇಶ ಮಾಡುವುದು ನಮಗೆ ಅಸಹ್ಯವೆನಿಸುತ್ತದೆ. ತೌಬಾ ಎಂಬುದು ಇನ್ನೊಬ್ಬನ ಮೇಲೆ ಎಸೆಯುವ ಕಲ್ಲಲ್ಲ.

ದೇವರ ಕಡೆಗೆ ಮರಳುವುದೆಂದರೆ ಮನುಷ್ಯರನ್ನು ಬಿಟ್ಟು ಹೋಗುವುದು ಎಂಬ ತಿಳಿವಳಿಕೆಯೂ ನಮ್ಮಲ್ಲಿ ಇದೆ. ಹಾಸಿಗೆ ಸುತ್ತಿಕೊಂಡು ನಲವತ್ತು ದಿನ ಹೊರಟವನ ಮನೆಯಲ್ಲಿ ರೇಶನ್ ಇದೆಯೇ ಎಂದು ಕೇಳಿದರೆ ಕೇಳಿದವನೇ ಧರ್ಮದ್ರೋಹಿ. ಈ ವಿಷಯದಲ್ಲಿ ಕಾರವಾರದ ಕಡಲಿಗೆ ಒಂದು ಹಳೆಯ ಪಾಠ ಗೊತ್ತು. 1883ರ ಸುಮಾರಿಗೆ ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಠಾಗೋರರು ಇಲ್ಲಿದ್ದರು. ಅವರ ಅಣ್ಣ, ಐಸಿಎಸ್ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ನ್ಯಾಯಾಧೀಶರು. ಬೆಳದಿಂಗಳಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋದದ್ದನ್ನು, ಅಳಿವೆಯ ಮರಳಿನ ಮೇಲೆ ನಡೆದು ಬಂದದ್ದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಇಲ್ಲಿಯೇ ಬರೆದ ನಾಟಕ 'ಪ್ರಕೃತಿರ್ ಪ್ರತಿಶೋಧ್'. ಅದರ ಸಂನ್ಯಾಸಿ ಎಲ್ಲ ಬಂಧ ಕಡಿದುಕೊಂಡರೆ ಪರಮಸತ್ಯ ಸಿಗುತ್ತದೆಂದು ನಂಬಿದವನು. ಎಲ್ಲರೂ ದೂರವಿಟ್ಟ ಅನಾಥ ಹುಡುಗಿಯೊಬ್ಬಳು ಅವನನ್ನು ಹಚ್ಚಿಕೊಳ್ಳುತ್ತಾಳೆ. ಮಮತೆ ಎಲ್ಲಿ ಕಟ್ಟಿಹಾಕೀತೋ ಎಂದು ಅವನು ಅವಳನ್ನು ತೊರೆದು ಹೋಗುತ್ತಾನೆ. ತಪ್ಪು ತಿಳಿದು, ವ್ರತವನ್ನೇ ಎಸೆದು ಮರಳಿ ಬರುವಷ್ಟರಲ್ಲಿ ಹುಡುಗಿ ಸತ್ತಿರುತ್ತಾಳೆ. ನಮ್ಮ ಮಟ್ಟಿಗೆ ಆ ನಾಟಕ ತಡವಾದ ತೌಬಾದ ಕಥೆ. ದೇವರು ಕಾಯುತ್ತಾನೆ, ಸರಿ. ಮನುಷ್ಯರಿಗೆ ಅಷ್ಟು ಆಯುಸ್ಸಿಲ್ಲ. ತಂಗಿ ಸತ್ತ ಮೇಲೆ ಅವಳ ಹೆಸರಿನಲ್ಲಿ ಬಾವಿ ತೋಡಿಸಿದವನಿಗೆ ಪುಣ್ಯ ಸಿಗಬಹುದು, ಅವಳ ಮಗಳ ಫೀಜು ಆ ವರ್ಷ ಕಟ್ಟಿಹೋಗಲಿಲ್ಲ.

ಇಷ್ಟು ಬಿಗಿ ಮಾಡಿದರೆ ಪಾಪಿಗಳು ಅಲ್ಲಾಹನ ಬಾಗಿಲಿಗೆ ಬರುವುದನ್ನೇ ಬಿಟ್ಟಾರು, ನಿರಾಶೆ ಹುಟ್ಟಿಸುವುದು ಸರಿಯೇ ಎಂದು ಕೆಲವರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಅತಿರೇಕ ಮಾಡಿಕೊಂಡ ದಾಸರೂ ಅಲ್ಲಾಹನ ಕರುಣೆಯ ಬಗ್ಗೆ ಆಸೆ ಬಿಡಬಾರದೆಂದು ಅಝ್ಝುಮರ್ ಅಧ್ಯಾಯ ಸಾರುತ್ತದೆ. ತೊಂಬತ್ತೊಂಬತ್ತು ಕೊಲೆ ಮಾಡಿದವನು ತನಗೆ ತೌಬಾ ಇದೆಯೇ ಎಂದು ಕೇಳುತ್ತ ಹೋದ ಕಥೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಇಲ್ಲ ಎಂದ ವೈರಾಗಿಯನ್ನೂ ಕೊಂದು ನೂರು ಮಾಡಿದ. ಬಲ್ಲವನೊಬ್ಬ ಇದೆ ಎಂದ, ಆದರೆ ಒಂದು ಮಾತು ಸೇರಿಸಿದ: ಈ ಊರು ಬಿಡು, ಒಳ್ಳೆಯವರಿರುವ ಆ ಊರಿಗೆ ಹೋಗು. ಅವನು ಹೊರಟ, ದಾರಿಯಲ್ಲೇ ಸತ್ತ. ಒಳ್ಳೆಯ ಊರಿಗೆ ಒಂದು ಗೇಣು ಹತ್ತಿರವಾಗಿದ್ದನೆಂದು ಕರುಣೆಯ ಮಲಕ್‌ಗಳು ಅವನನ್ನು ಒಯ್ದರು. ಈ ಕಥೆಯನ್ನು ಹೇಳುವವರೆಲ್ಲ ಕರುಣೆಯ ಮೇಲೆ ನಿಲ್ಲುತ್ತಾರೆ. ಅವನು ನಡೆದದ್ದನ್ನೂ ಹೇಳಬೇಕು. ಕೂತಲ್ಲಿಯೇ ಅತ್ತಿದ್ದರೆ ಆ ಗೇಣು ಎಲ್ಲಿಂದ ಬರುತ್ತಿತ್ತು?

ಕೊಡಲು ಏನೂ ಉಳಿದಿಲ್ಲದವನಿಗೂ ದಾರಿಯಿದೆ. ಹೋಗಿ ಒಪ್ಪಿಕೊಳ್ಳಲಿ, ಕಂತಿನಲ್ಲಿ ಕೊಡಲಿ, ಕಾಲಾವಕಾಶ ಕೇಳಲಿ. ಒಡೆಯ ಸತ್ತಿದ್ದರೆ ವಾರಸುದಾರರಿದ್ದಾರೆ, ಅವರೂ ಸಿಗದಿದ್ದರೆ ಒಡೆಯನ ಹೆಸರಿನಲ್ಲಿ ಬಡವರಿಗೆ ಹೋಗಲಿ. ಇಮಾಮ್ ಗಝ್ಝಾಲಿಯವರು 'ಇಹ್ಯಾ'ದಲ್ಲಿ ಮನುಷ್ಯರ ಹಕ್ಕುಗಳಿಂದ ಪಾರಾಗುವ ಬಗೆಯನ್ನು ದೀರ್ಘವಾಗಿ ಚರ್ಚಿಸಿದ್ದಾರೆ. ಕಷ್ಟದ ಪ್ರಕರಣಗಳೂ ಇವೆ. 2010ರಲ್ಲಿ ಇದೇ ಅಂಕೋಲೆಯ ಬೇಲೆಕೇರಿ ಬಂದರಿನಲ್ಲಿ ಸರ್ಕಾರ ಜಪ್ತಿ ಮಾಡಿಟ್ಟ ಲಕ್ಷಾಂತರ ಟನ್ ಅದಿರು ಹಡಗು ಹತ್ತಿ ಮಾಯವಾಯಿತು. ಲೋಕಾಯುಕ್ತ ವರದಿ ಬಂತು, 2024ರ ಅಕ್ಟೋಬರಿನಲ್ಲಿ ವಿಶೇಷ ನ್ಯಾಯಾಲಯ ಶಿಕ್ಷೆಯನ್ನೂ ವಿಧಿಸಿತು. ಮೇಲ್ಮನವಿಗಳ ಹಾದಿ ನ್ಯಾಯಾಲಯಕ್ಕೆ ಬಿಟ್ಟದ್ದು. ನಾಡಿನ ಮಣ್ಣು ತಿಂದವರು ಆರು ಕೋಟಿ ಒಡೆಯರನ್ನು ಎಲ್ಲಿ ಹುಡುಕಿ ಮಾಫ್ ಕೇಳಿಯಾರು? ಅಂಥವರ ಸಂಕಟ ಅವರಿಗೆ. ತಂಗಿಯ ವಿಳಾಸವಂತೂ ನಮಗೆಲ್ಲ ಗೊತ್ತಿದೆ.

ಹಕ್ಕು ಎಂದಾಗ ನಮ್ಮವರದಷ್ಟೇ ಎಂದು ತಿಳಿಯುವವರಿಗಾಗಿ ಫುದೈಲ್ ಇಬ್ನ್ ಇಯಾದರ ಕಥೆ. ಎಂಟನೇ ಶತಮಾನದಲ್ಲಿ ಖುರಾಸಾನಿನ ದಾರಿಗಳಲ್ಲಿ ಸಾರ್ಥಗಳನ್ನು ದೋಚುತ್ತಿದ್ದ ಡಕಾಯಿತ, ಮುಂದೆ ಮಕ್ಕಾದಲ್ಲಿ ದೊಡ್ಡ ತಪಸ್ವಿ. 803ರಲ್ಲಿ ತೀರಿಕೊಂಡರು. ಅತ್ತಾರರು ಹೇಳುವಂತೆ, ಪಶ್ಚಾತ್ತಾಪ ಹುಟ್ಟಿದ ಮೇಲೆ ಅವರು ಮೊದಲು ಮಾಡಿದ್ದು ದೋಚಿಸಿಕೊಂಡವರನ್ನು ಒಬ್ಬೊಬ್ಬರಾಗಿ ಹುಡುಕಿ ಸಮಾಧಾನ ಮಾಡಿದ್ದು. ಒಬ್ಬ ಯಹೂದಿ ಮಾತ್ರ ಒಪ್ಪಲಿಲ್ಲ. ಅಲ್ಲಿರುವ ಮರಳಿನ ಗುಡ್ಡವನ್ನು ತೆಗೆದು ನೆಲ ಸಮ ಮಾಡು ಎಂದ. ಫುದೈಲರು ಹಗಲಿರುಳು ಮರಳು ಎತ್ತಿ ಹಾಕಿದರು, ಕೊನೆಗೊಂದು ಬೆಳಗ್ಗೆ ಗಾಳಿ ಬೀಸಿ ಗುಡ್ಡವನ್ನು ಒಯ್ದಿತು. ದಂತಕಥೆಯೇ ಇರಬಹುದು. ಆದರೆ ದೇವಬಾಗದ ದಂಡೆಯಲ್ಲಿ ಮರಳು ತುಳಿದವರಿಗೆ ಒಂದು ಗುಡ್ಡ ಮರಳು ಎಷ್ಟಾಗುತ್ತದೆಂದು ಗೊತ್ತು. ನೀನು ಬೇರೆ ಧರ್ಮದವನು, ನಿನ್ನ ಬಾಕಿಗೂ ನನ್ನ ತೌಬಾಕ್ಕೂ ಏನು ಸಂಬಂಧ ಎಂದು ಫುದೈಲರು ಕೇಳಲಿಲ್ಲ. ಹರಿಕಾಂತರ ಹುಡುಗನ ದೋಣಿ ಪಾಲನ್ನು, ತೋಟದ ಹಾಲಕ್ಕಿ ಹೆಂಗಸಿನ ಕೂಲಿಯನ್ನು ಹಿಡಿದಿಟ್ಟುಕೊಂಡು ತಹಜ್ಜುದಿಗೆ ಏಳುವವರು ಇದನ್ನು ಓದಬೇಕು.

ಇನ್ನು ಜನಾಝಾದ ಮಾತು. ಸಾಲವಿಟ್ಟು ಸತ್ತವನ ಜನಾಝಾ ನಮಾಝಿಗೆ ನಿಲ್ಲಲು ಪ್ರವಾದಿ(ಸ) ಹಿಂಜರಿದರು, ಅಬೂ ಕತಾದಾ ಆ ಸಾಲ ನನ್ನ ಮೇಲಿರಲಿ ಎಂದ ಮೇಲೆಯೇ ನಮಾಝ್ ನಡೆಸಿದರು. ಹುತಾತ್ಮನಿಗೆ ಎಲ್ಲವೂ ಕ್ಷಮೆ, ಸಾಲದ ಹೊರತು ಎಂದೂ ಹದೀಸಿದೆ. ಇದರ ಉಳಿಕೆಯಾಗಿ ನಮ್ಮ ಊರುಗಳಲ್ಲಿ ಒಂದು ಒಳ್ಳೆಯ ರೂಢಿ ಇದೆ. ನಮಾಝಿಗೆ ಮುಂಚೆ ಸತ್ತವರ ಮಗನೋ ತಮ್ಮನೋ ಎದ್ದು ನಿಂತು, ಮರಹೂಮರಿಂದ ಯಾರಿಗಾದರೂ ಬಾಕಿ ಬರಬೇಕಿದ್ದರೆ ನಮ್ಮನ್ನು ಕೇಳಿ, ಕೊಡುತ್ತೇವೆ ಎನ್ನುತ್ತಾನೆ. ನೂರಾರು ಜನ ಕೇಳಿಸಿಕೊಳ್ಳುತ್ತಾರೆ. ಬೋಟಿನ ಡೀಸೆಲಿನವನು, ಕಿರಾಣಿ ಅಂಗಡಿಯವನು, ಕೈಗಡ ಕೊಟ್ಟ ಗೆಳೆಯ, ಎಲ್ಲರೂ ಅಲ್ಲಿರುತ್ತಾರೆ. ಆದರೆ ಅತಿ ದೊಡ್ಡ ಬಾಕಿ ಬರಬೇಕಾದವರು ಆ ಗುಂಪಿನಲ್ಲಿ ಇರುವುದಿಲ್ಲ. ಅವರು ಮನೆಯ ಒಳಕೋಣೆಯಲ್ಲಿ, ಸೆರಗು ಮುಚ್ಚಿಕೊಂಡು, ತಸ್ಬೀಹ್ ಹಿಡಿದು ಕೂತಿರುತ್ತಾರೆ. ಹೆಂಡತಿ ಮಹರ್‌ಗೆ, ತಂಗಿ ತಂದೆಯ ಬಾಗದ ಹತ್ತು ಗುಂಟೆಗೆ.

ನಮ್ಮ ಜಮಾಅತ್‌ಗಳಿಗೆ, ಮಸೀದಿ ಕಮಿಟಿಗಳಿಗೆ ನಮ್ಮ ಕೇಳಿಕೆ ಇಷ್ಟು. ಡೋಲಿ ಎತ್ತುವ ಮೊದಲು ಅದೇ ಮಗ ಒಳಕೋಣೆಯ ಬಾಗಿಲಿಗೂ ಹೋಗಿ, ಅದೇ ಮಾತನ್ನು, ಅದೇ ಸ್ವರದಲ್ಲಿ, ಇಬ್ಬರು ಸಾಕ್ಷಿಗಳ ಎದುರು ಹೇಳಲಿ. ಅವರು ಏನೂ ಹೇಳದಿದ್ದರೆ ಮಾಫ್ ಎಂದು ಬರೆದುಕೊಳ್ಳಬೇಡಿ, ಬಾಕಿ ಎಂದು ಬರೆದುಕೊಳ್ಳಿ. ನಲವತ್ತನೇ ದಿನದ ಊಟಕ್ಕೆ ಮುಂಚೆ ಪಾಲು ಹಂಚಿದ ಕಾಗದ ಕಮಿಟಿಯ ದಫ್ತರಿನಲ್ಲಿ ಇರಲಿ. ಸಾವಿನ ಮನೆಯಲ್ಲಿ ಆಸ್ತಿಯ ಮಾತು ಶೋಭೆಯಲ್ಲ ಎಂದು ಹಿರಿಯರು ಗದರಿಸುತ್ತಾರೆ, ಗೊತ್ತು. ಹೊರಗಿನ ಅಂಗಳದಲ್ಲಿ ಗಂಡಸರ ಮುಂದೆ ಅರ್ಧ ಗಂಟೆಯ ಹಿಂದೆ ಆಡಿದ್ದೂ ಅದೇ ಸಾವಿನ ಮನೆಯ ಮಾತು ತಾನೇ?